ಮಗಳಿಗೆ ಸರಿ ಕುಡಿಸಿದ ದಿನಗಳು

ಮಗಳಿಗೆ ಆರು ತಿಂಗಳು ತುಂಬಿತು ಎಂದು ಗುಬ್ಬಿಯ ನನ್ನ ತವರುಮನೆಯಲ್ಲಿ ರಾಗಿ ನೆನೆಹಾಕಿದರು. ಈ ಕೆಲಸದಲ್ಲಿ ಅಮ್ಮ ಯಾರನ್ನೂ ನಂಬುವವಳಲ್ಲ. ಕಲ್ಲು ಆರಿಸಿದವಳೂ ಅವಳೇ, ಬಿಳಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದವಳೂ ಅವಳೇ. ನೆರಳಿನಲ್ಲಿ ಒಣಗಿಸಿ, ಘಮ್ಮೆನ್ನುವ ಹಾಗೆ ಹುರಿದು, ಹಿಟ್ಟಿನ ಮಿಲ್ಲಿಗೆ ತಾನೇ ಹೊತ್ತುಕೊಂಡು ಹೋದಳು. ಅಲ್ಲಿ ಯಾರೋ ಆಗಷ್ಟೇ ಖಾರದಪುಡಿ ಮಾಡಿಸಿದ್ದರಂತೆ. ಇಬ್ಬರು ಅಕ್ಕಿ ಬೀಸಿಸಿಕೊಂಡು ಹೋಗುವವರೆಗೂ ಬಾಗಿಲಲ್ಲೇ ಕೂತಿದ್ದು, ಆಮೇಲೆ ರಾಗಿ ಸುರಿದಳು. ಮನೆಗೆ ತಂದು ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದಳು. ‘ಅಂಗಡೀಲಿ ಡಬ್ಬಿ ಸಿಗುತ್ತಲ್ಲಮ್ಮ’ ಎಂದ ತಪ್ಪಿಗೆ ಆ ಸಂಜೆಯೆಲ್ಲ ನನ್ನ ಮೇಲೆ ಮುಖ ಊದಿಸಿಕೊಂಡಿದ್ದಳು.

ಆ ಹಿಟ್ಟನ್ನು ಕಾಯಿಸಿ ಮಾಡಿದ ರಾಗಿ ಸರಿಯ ಮೊದಲ ಚಮಚ ನಾಲಿಗೆಯಿಂದ ಹಾಗೇ ಹೊರಗೆ ಬಂತು. ಎಲ್ಲ ಮಕ್ಕಳೂ ಮೊದಮೊದಲು ಹೀಗೇ ಉಗಿಯುತ್ತವೆ ಎಂದರು. ಕಾದೆವು. ದಿನ ಕಳೆದರೂ ಅವಳು ಉಗಿಯುತ್ತಲೇ ಇದ್ದಳು, ಜೊತೆಗೆ ಕೆಮ್ಮು ಶುರುವಾಯಿತು. ಅಮ್ಮ ಸರಿಯನ್ನು ಇನ್ನಷ್ಟು ತೆಳ್ಳಗೆ ಮಾಡಿದಳು. ಪಕ್ಕದ ಮನೆಯವರು ಬಾದಾಮಿ ತೇದು ಹಾಕಿ ಎಂದರು, ಚಿಕ್ಕಮ್ಮ ಅನ್ನದ ಗಂಜಿ ನೋಡಿ ಎಂದಳು, ನನ್ನ ಜೊತೆ ಸ್ಕೂಲಿನಲ್ಲಿ ಪಾಠ ಮಾಡುವವರು ಬೇಯಿಸಿದ ಸೇಬು ಎಂದರು. ಊರಿನವರೆಲ್ಲ ನನ್ನ ಮಗಳ ಬಾಯಿಗೆ ಅಡುಗೆ ಮಾಡುತ್ತಿದ್ದರು. ಅವಳ ಕತ್ತಿನ ಬಗ್ಗೆ ಮಾತ್ರ ಮನೆಯಲ್ಲಿ ನಾವ್ಯಾರೂ ಮಾತಾಡುತ್ತಿರಲಿಲ್ಲ.

ಕತ್ತು ನಿಂತಿರಲಿಲ್ಲ. ಎತ್ತಿಕೊಂಡರೆ ತಲೆ ಹಿಂದಕ್ಕೆ ವಾಲುತ್ತಿತ್ತು. ನಮ್ಮ ಕಡೆ ಮಗು ನೋಡಲು ಬಂದವರು ಕೇಳುವುದೇ ಅದನ್ನು.

‘ಕತ್ತು ನಿಂತೈತಾ?’

‘ನಿಲ್ತಾ ಐತೆ’ ಎನ್ನುತ್ತಿದ್ದಳು ಅಮ್ಮ, ಕೈಯನ್ನು ಮಗುವಿನ ತಲೆಯ ಹಿಂದೆ ಇಟ್ಟುಕೊಂಡೇ. ಆ ಕೈ ತೆಗೆಯಮ್ಮ ಎಂದು ಕಿರುಚಬೇಕು ಅನ್ನಿಸುತ್ತಿತ್ತು. ತೆಗೆದರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು.

ಕುಣಿಗಲ್ ತಾಲ್ಲೂಕಿನಲ್ಲಿ, ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರ, ನನ್ನ ಗಂಡನ ಮನೆ. ಅಲ್ಲಿಗೆ ಹೋದಾಗ ಅತ್ತೆ ನಮ್ಮ ಚಮಚ, ಬಟ್ಟಲುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಬೀರುವಿನಿಂದ ಬೆಳ್ಳಿಯ ಒಳಲೆ ತೆಗೆದರು. ಮೂತಿಯಿರುವ ಆ ಪುಟ್ಟ ಬಟ್ಟಲಿನಲ್ಲೇ ಆ ಮನೆಯ ಮಕ್ಕಳೆಲ್ಲ ಹಾಲು ಕುಡಿದದ್ದು.

‘ಚಮಚದಲ್ಲಿ ಏನ್ ಕುಡೀತದಮ್ಮ ಕೂಸು? ನಿನ್ನ ಗಂಡನ್ನೂ ಇದ್ರಲ್ಲೇ ಬೆಳೆಸಿದ್ದು. ಇತ್ಲಾಗೆ ಕೊಡು.’

ಗೋಡೆಗೆ ಒರಗಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಹಾಲಿನಷ್ಟು ತೆಳ್ಳಗೆ ಮಾಡಿದ ಸರಿಯನ್ನು ಒಳಲೆಯಿಂದ ಬಾಯೊಳಗೆ ಹುಯ್ದರು. ಬಟ್ಟಲು ಖಾಲಿಯಾಯಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಖಾಲಿಯಾಯಿತು. ನನ್ನ ಗಂಡ ಡ್ಯೂಟಿಯಿಂದ ಫೋನ್ ಮಾಡಿ ಮಾಡಿ ಕೇಳಿದರು, ನಾನು ನಗುತ್ತಾ ಹೇಳಿದೆ. ಅತ್ತೆಯ ಕೈಗುಣ ಎಂದುಕೊಂಡೆ. ಖುಷಿ ಎಂದರೆ ಅದೇ, ಅದಾದ ಮೇಲೆ ನನಗೆ ಅಂಥದ್ದು ಬಂದಿಲ್ಲ.

ಕೆಮ್ಮು ನಿಲ್ಲಲಿಲ್ಲ. ಕುಡಿಸುವಾಗ ಎದೆಯಲ್ಲಿ ಗೊರಗೊರ ಸದ್ದು. ಡ್ಯಾಮಿನ ಗಾಳಿ ಎಂದರು, ರಾಗಿ ತಂಪು ಎಂದರು, ದೃಷ್ಟಿಯಾಗಿದೆ ಎಂದು ಅತ್ತೆ ನಿವಾಳಿಸಿ ಬೂದಿ ಇಟ್ಟರು. ಒಂದು ಮಧ್ಯಾಹ್ನ ಮೈ ಕೆಂಡವಾಗಿ, ಉಸಿರಿಗೊಮ್ಮೆ ಪಕ್ಕೆ ಒಳಗೆ ಸೆಳೆಯತೊಡಗಿತು. ಕಾರು ಮಾಡಿಕೊಂಡು ತುಮಕೂರಿಗೆ ಓಡಿದೆವು.

ಆಸ್ಪತ್ರೆಯಲ್ಲಿ ಎಕ್ಸ್‌ರೇ, ಸ್ಕ್ಯಾನ್ ಎಲ್ಲ ಆಯಿತು. ಡಾಕ್ಟರು ನನ್ನನ್ನೂ ಡ್ಯೂಟಿಯಿಂದ ಓಡಿಬಂದಿದ್ದ ನನ್ನ ಗಂಡನನ್ನೂ ಕೂರಿಸಿ ಹೇಳಿದರು. ಕುಡಿಸಿದ್ದೆಲ್ಲ ಹೊಟ್ಟೆಗೆ ಹೋಗುವ ಬದಲು ಸ್ವಲ್ಪ ಸ್ವಲ್ಪವಾಗಿ ಶ್ವಾಸಕೋಶಕ್ಕೆ ಇಳಿದಿದೆ. ಮಲಗಿಸಿ ಬಾಯಿಗೆ ಹುಯ್ಯಬಾರದಿತ್ತು.

‘ಕೂರಿಸಿ ಕೊಟ್ಟಿದ್ರೆ?’ ಎಂದೆ.

‘ಕೂರಿಸಿದ್ರೂ ಕಷ್ಟಾನೇ ಇತ್ತಮ್ಮ. ಮಿದುಳಿನಲ್ಲೇ ತೊಂದರೆ ಇದೆ. ನುಂಗೋದು ಅವಳಿಗೆ ಬರಲ್ಲ.’

‘ಮುಂದೆ ಬರುತ್ತಾ?’

ಅವರು ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. ‘ಬರುತ್ತೆ ಅಂತ ಇಟ್ಕೋಬೇಡಿ’ ಎಂದರು.

ಹೊರಗೆ ಬೆಂಚಿನ ಮೇಲೆ ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದರು. ಯಾರು ಹೇಳಿಬಿಟ್ಟಿದ್ದರೋ, ವಿಷಯ ಅವರಿಗೆ ಮುಟ್ಟಿತ್ತು.

‘ನನ್ನಿಂದ ಆಯ್ತಾ ಕಣಮ್ಮ ಇದು?’

ಹೌದು ಎನ್ನುವ ಮಾತು ಬಾಯಿಯವರೆಗೂ ಬಂದಿತ್ತು. ‘ಇಲ್ಲ ಬಿಡಿ ಅತ್ತೆ’ ಎಂದೆ. ಒಳ್ಳೆತನ ಅಂತ ಯಾರೂ ತಿಳಿಯಬೇಡಿ. ಬೈಯುವುದಕ್ಕೂ ಮೈಯಲ್ಲಿ ಶಕ್ತಿ ಬೇಕಾಗುತ್ತದೆ.

ಆಸ್ಪತ್ರೆ ಹತ್ತಿರವಿರಲಿ ಎಂದು ತುಮಕೂರಿನಲ್ಲೇ ಬಾಡಿಗೆ ಮನೆ ಹಿಡಿದಿದ್ದೇವೆ. ಸ್ಕೂಲಿಗೆ ರಜೆ ಹಾಕಿದವಳು ಮತ್ತೆ ಹೋಗಿಲ್ಲ. ಮಗಳ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇದೆ, ಕೆನ್ನೆಗೆ ಪ್ಲಾಸ್ಟರ್ ಅಂಟಿಸಿದ್ದಾರೆ. ಸಿರಿಂಜಿನಲ್ಲಿ ಹಾಲು, ಸೋಸಿದ ಗಂಜಿ, ಡಾಕ್ಟರು ಬರೆದುಕೊಟ್ಟ ಪುಡಿ ಬಿಡುತ್ತೇನೆ. ತೂಕ ಏರಿದೆ, ಎಲ್ಲರೂ ಅದನ್ನೇ ಹೇಳುತ್ತಾರೆ. ನೋಡಲು ಬಂದವರು ಈಗಲೂ ಖರ್ಜೂರ, ತುಪ್ಪ, ಬಾಳೆಹಣ್ಣಿನ ಮಾತು ತೆಗೆಯುತ್ತಾರೆ. ಯಾವುದರ ರುಚಿಯೂ ಅವಳಿಗೆ ತಗಲುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಈಗ ಹೂಂ ಎನ್ನುತ್ತೇನೆ.

ಮೊನ್ನೆ ಸಂಜೆ ಅವಳನ್ನು ದಿಂಬುಗಳ ನಡುವೆ ಒರಗಿಸಿ, ಎದುರಿಗೆ ಕೂತು ಅನ್ನ ಸಾರು ತಿನ್ನುತ್ತಿದ್ದೆ. ಪಕ್ಕದಲ್ಲೇ ಊಟಕ್ಕೆ ಕೂತಿದ್ದ ನನ್ನ ಗಂಡ ನನ್ನ ಕೈ ತಡೆದರು.

‘ನೋಡೇ ಇಲ್ಲಿ, ನೀನು ಬಾಯಿ ತೆಗೆದ್ರೆ ಇವ್ಳೂ ತೆಗೀತಾಳೆ.’

ನಿಜ. ನನ್ನ ತುತ್ತು ತಟ್ಟೆಯಿಂದ ಮೇಲೆದ್ದ ಕೂಡಲೇ ಅವಳ ಕಣ್ಣು ಅದರ ಹಿಂದೆಯೇ ಬರುತ್ತಿತ್ತು, ಬಾಯಿ ತೆರೆದುಕೊಳ್ಳುತ್ತಿತ್ತು. ಮೊದಲು ಇಬ್ಬರೂ ನಕ್ಕೆವು. ಡಾಕ್ಟರು ಹೇಳದ ಏನನ್ನೋ ಅವಳೇ ಕಲಿತುಬಿಟ್ಟಳಲ್ಲ ಎಂದು. ನಾನು ತುತ್ತು ನುಂಗಿದೆ. ಅವಳು ಬಾಯಿ ತೆರೆದುಕೊಂಡೇ ಇದ್ದಳು, ಅವಳ ಸರದಿಗೆ ಕಾಯುತ್ತಾ. ನನ್ನ ಗಂಡ ಎದ್ದು ಕೈ ತೊಳೆಯಲು ಹೋದರು.

ಈಗ ನಾನು ಅವಳಿಗೆ ಬೆನ್ನು ಮಾಡಿ ಕೂತು ಊಟ ಮಾಡುತ್ತೇನೆ.