ಬೋರ್ಡು ಓದುತ್ತ ನಿಂತ ದೊಡ್ಡಮ್ಮ

ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ಊರಿನಲ್ಲಿ ನಾನು ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಹೊರದೇಶದ ಸಂಸ್ಥೆಯೊಂದರ ನೆರವಿನಿಂದ ನಮಗೆ ಹೊಸ ಪುಸ್ತಕಗಳು, ಕುರ್ಚಿಗಳು ಬಂದವು. ಜೊತೆಗೆ ಅಕ್ಷರ ಬಾರದ ಹೆಂಗಸರಿಗೆ ಸಂಜೆ ಪಾಠವೂ ಶುರುವಾಯಿತು. ಡೇರಿಗೆ ಹಾಲು ಹಾಕಿ, ಮತ್ತೆ ಒಲೆ ಹಚ್ಚುವವರೆಗೆ ಅವರಿಗೆ ಸಿಗುತ್ತಿದ್ದ ಬಿಡುವು ಅದೊಂದೇ.

ಅವರಲ್ಲಿ ಎಲ್ಲರಿಗಿಂತ ಹಿರಿಯರು ತೋಟದ ಮನೆಯ ಹೆಂಗಸು. ನಾವೆಲ್ಲ ದೊಡ್ಡಮ್ಮ ಎನ್ನುತ್ತಿದ್ದೆವು. ಮೊಮ್ಮಕ್ಕಳ ಮುಂದೆ ಸ್ಲೇಟು ಹಿಡಿಯಲು ನಾಚಿಕೆ ಎಂದು ಅವರು ಮೊದಲು ಬರಲಿಲ್ಲ. ನಾನೇ ಮನೆಗೆ ಹೋಗಿ ಒತ್ತಾಯ ಮಾಡಿ ಕರೆತಂದೆ. ಬಂದ ಮೇಲೆ ಬಿಡಲಿಲ್ಲ. ಒತ್ತಕ್ಷರ ಬಂದರೆ ಎಡವುತ್ತಿದ್ದರು, ಆದರೆ ಹಿಡಿದ ಸಾಲನ್ನು ಮುಗಿಸದೆ ತಲೆ ಎತ್ತುತ್ತಿರಲಿಲ್ಲ.

ಒಂದು ಸಂಜೆ ಮೋಡ ಕವಿದು ಬೇಗ ಮಬ್ಬಾಗಿತ್ತು. ನಾಲ್ಕೈದು ಹೆಂಗಸರು ಬಂದು ಕೂತಿದ್ದರು. ಹೊರಗೆ ಮಲಗಿದ್ದ ಬೀದಿನಾಯಿ ಒಮ್ಮೆ ಕುಂಯ್ ಎಂದಿತು, ಅಷ್ಟೇ. ಕಿಟಕಿಯ ಪಕ್ಕದಲ್ಲಿದ್ದವಳು ಎದ್ದು ನೋಡಿದವಳೇ ಬಾಯಿ ಮುಚ್ಚಿಕೊಂಡು ಹಿಂದೆ ಸರಿದಳು. ಚಿರತೆಯೊಂದು ನಾಯಿಯ ಕುತ್ತಿಗೆ ಕಚ್ಚಿ, ಬೆಟ್ಟದ ಬುಡದ ಬೇಲಿಯ ಕಡೆಗೆ ಎಳೆದುಕೊಂಡು ಹೋಗುತ್ತಿತ್ತು. ನನಗೆ ಕಂಡದ್ದು ಬಾಲ ಮಾತ್ರ. ಚಿಲಕ ಹಾಕಲು ಹೋದರೆ ಅದು ಕೂರಲೇ ಇಲ್ಲ. ಇನ್ನೊಬ್ಬಳು ಬಂದು ಒತ್ತಿ ಹಾಕಿ, ತನ್ನ ಗಂಡನಿಗೆ ಫೋನ್ ಮಾಡಿದಳು.

ಆಗ ಯಾರೋ ಮೆಲ್ಲಗೆ, "ದೊಡ್ಡಮ್ಮ ಇನ್ನೂ ಬಂದಿಲ್ಲ" ಅಂದರು.

ತೋಟದ ಮನೆಯ ದಾರಿ ಅದೇ ಬೇಲಿಯ ಪಕ್ಕದಲ್ಲಿ ಹಾಯುತ್ತದೆ. ಅವರ ಬಳಿ ಫೋನ್ ಇಲ್ಲ. ಅವರ ಸೊಸೆಗೆ ಫೋನ್ ಮಾಡಿದೆ. ಅತ್ತೆ ಹೊರಟು ಎಷ್ಟೋ ಹೊತ್ತಾಯಿತು ಎಂದಳು. ಬಾಗಿಲಿನ ಕಡೆ ಹೋದ ನನ್ನನ್ನು ಹೆಂಗಸರು ಸೆರಗು ಹಿಡಿದು ಎಳೆದರು. ಹೊರಗೆ ತೆಂಗಿನ ಗರಿ ಬಿದ್ದ ಸದ್ದಿಗೆ ಒಬ್ಬರನ್ನೊಬ್ಬರು ಅಪ್ಪಿಕೊಂಡೆವು. ನಾನು ಕರೆಯದೆ ಇದ್ದಿದ್ದರೆ ಅವರು ಮನೆಯಲ್ಲೇ ಇರುತ್ತಿದ್ದರು ಎನ್ನುವುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ಬಾಗಿಲು ಬಡಿದ ಸದ್ದಾಯಿತು. ಯಾರೂ ಏಳಲಿಲ್ಲ.

"ನಾನು ಕಣ್ರವ್ವ, ತೆಗೀರಿ."

ದೊಡ್ಡಮ್ಮನನ್ನು ಒಳಗೆ ಎಳೆದುಕೊಂಡು ಚಿಲಕ ಹಾಕಿದೆ. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ಬೈಯುವ ಹಾಗೆ ಕೇಳಿದೆ.

"ಫಾರೆಸ್ಟ್‌ನೋರು ಬೇಲಿ ತಾವ ಹೊಸ ಬೋರ್ಡ್ ಹಾಕವ್ರೆ ಕಣವ್ವ. ಅಕ್ಷರ ಕೂಡಿಸ್ಕೊಂಡು ಓದ್ತಾ ನಿಂತಿದ್ದೆ. ಚಿರತೆ ಐತೆ, ಒಬ್ರೇ ಓಡಾಡ್ಬೇಡಿ ಅಂತ ಬರ್ದವ್ರೆ."

"ಓದಿದ್ಮೇಲೆ ವಾಪಸ್ ಹೋಗೋದಲ್ವಾ ದೊಡ್ಡಮ್ಮ?"

"ಓದಿ ಮುಗ್ಸೋ ಹೊತ್ಗೆ ಕತ್ಲಾಗ್ಬುಟ್ಟಿತ್ತು. ಮನೆಗಿಂತ ಇದೇ ಹತ್ರ ಅಂತ ಬಂದ್ಬುಟ್ಟೆ."

ನಾಯಿಯ ವಿಷಯ ಹೇಳಿದೆವು. ಯಾವ ಕಡೆಗೆ ಎಳೆದುಕೊಂಡು ಹೋಯಿತು ಎಂದು ಕೇಳಿದರು. ಬೇಲಿಯ ಕಡೆಗೆ ಎಂದೆವು. ನೆಲದ ಮೇಲೆ ಕೂತು, ನನ್ನ ಕೈ ಹಿಡಿದವರು ಬಿಡಲೇ ಇಲ್ಲ. ಗಂಡಸರು ಬ್ಯಾಟರಿ, ದೊಣ್ಣೆ ಹಿಡಿದು ತಟ್ಟೆ ಬಡಿಯುತ್ತ ಬರುವವರೆಗೂ ಹಾಗೇ ಇದ್ದೆವು.

ಸಂಜೆ ಪಾಠ ಅಲ್ಲಿಗೆ ನಿಂತಿತು. ಯಾಕೆ ನಿಲ್ಲಿಸಿದಿರಿ ಎಂದು ಸಂಸ್ಥೆಯ ಪರವಾಗಿ ತುಮಕೂರಿನಿಂದ ಒಬ್ಬರು ಫೋನ್ ಮಾಡಿದರು. ಚಿರತೆ ಎಂದೆ. ಪಾಠವನ್ನು ಮಧ್ಯಾಹ್ನಕ್ಕೆ ಬದಲಾಯಿಸಲು ಒಪ್ಪಿದರು. ಆದರೆ ಮಧ್ಯಾಹ್ನ ಹೊಲದ ಕೆಲಸ ಬಿಟ್ಟು ಬರಲು ಕೆಲವರಿಗೆ ಆಗಲಿಲ್ಲ. ಕೆಲವರನ್ನು ಮನೆಯವರು ಕಳಿಸಲಿಲ್ಲ.

ದೊಡ್ಡಮ್ಮ ಮಾತ್ರ ಮಗನ ಬೈಕಿನ ಹಿಂದೆ ಕೂತು ಬಂದರು. "ಬಿರ್ರನೆ ಓದೋದ್ ಕಲ್ಸವ್ವ" ಅಂದರು. ಎಲ್ಲರೂ ನಕ್ಕರು, ನನಗೆ ನಗಲು ಆಗಲಿಲ್ಲ.

ಬೋನು ಇಟ್ಟರೂ ಚಿರತೆ ಬಿದ್ದಿಲ್ಲ. ದೊಡ್ಡಮ್ಮ ಬರುವುದು ತಡವಾದ ದಿನ ನನಗೆ ಒಳಗೆ ಕೂರಲು ಆಗುವುದಿಲ್ಲ.