ಪೂಜೆಗೆ ಕೂತ ಕಂಪೈಲರ್

ಖಂಡೇನವಮಿಯ ಸಾಮಾನಿಗೆಂದು ಅಟ್ಟ ತಡಕಾಡುವಾಗ ಒಂದು ಹಳೆಯ ಸಿ.ಡಿ. ಕೈಗೆ ಬಂತು. ಮೇಲೆ ಒಣಗಿದ ಕುಂಕುಮ. ನಿಮ್ಮ ಅಟ್ಟದಲ್ಲೂ ಇಂಥ ತಟ್ಟೆಗಳಿರಬಹುದು. ಕುಂಕುಮಭಾಗ್ಯ ಮಾತ್ರ ಎಲ್ಲಕ್ಕೂ ಇರಲಾರದು.

ಆ ಸಿ.ಡಿ.ಯ ಕಾಲಕ್ಕೆ ಪುಣೆಯ ಶಿವಾಜಿನಗರದ ಸಣ್ಣದೊಂದು ಸಾಫ್ಟ್‌ವೇರ್ ಆಫೀಸಿನಲ್ಲಿ ನಾನು ಉಮೇದುವಾರ. ಧಾರವಾಡದ ಕುಲಕರ್ಣಿಯವರು ನನಗೆ ಹಿರಿಯರು. ದೌಂಡದ ಕಡೆಯ ಸಕ್ಕರೆ ಕಾರ್ಖಾನೆಯೊಂದಕ್ಕೆ ಕಬ್ಬು ತೂಗುವ ಪ್ರೋಗ್ರಾಮು ಮಾಡುತ್ತಿದ್ದೆವು. ದಸರೆಯ ಮುಹೂರ್ತದಲ್ಲಿ ಕಾರ್ಖಾನೆಯವರು ನೋಡಿ ಒಪ್ಪಿದರೆ ನನ್ನ ನೌಕರಿ ಕಾಯಂ. ಇಲ್ಲದಿದ್ದರೆ ಊರಿನ ಬಸ್ಸು.

ನವಮಿಯಂದು ಕುಲಕರ್ಣಿಯವರು ಆಫೀಸಿನ ಹಳೆಯ ಕಂಪ್ಯೂಟರಿಗೆ ಚೆಂಡುಹೂವಿನ ಮಾಲೆ ಹಾಕಿ, "ನಾಳೆ ಸಂಜೀಕ ಬನ್ನಿ ಮುಡದ ಬರೂತನಕ ಮುಟ್ಟಬ್ಯಾಡೋ ತಮ್ಮಾ" ಎಂದು ಅಪ್ಪಣೆ ಕೊಡಿಸಿದರು. ಹಿಂದಿನ ವಾರವಷ್ಟೇ ಬಂದ ಹೊಸ ಕಂಪ್ಯೂಟರಿಗೆ ಮಾಲೆಯಿಲ್ಲ. ಅದಿನ್ನೂ ದುಡಿದು ತೋರಿಸಿರಲಿಲ್ಲವಂತೆ. ನನ್ನ ಸ್ಥಿತಿಯೂ ಅದೇ ಆದ್ದರಿಂದ ನಾವಿಬ್ಬರೂ ಒಂದಾದೆವು.

ತೂಕದ ಚೀಟಿ ಮುದ್ರಿಸುವ ನನ್ನ ಭಾಗದಲ್ಲಿ ಕೊನೆಯ ತಿದ್ದುಪಡಿ ಬಾಕಿಯಿತ್ತು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ಕಟ್ಟಿಕೊಡುವುದು ಕಂಪೈಲರು. ಹೊಸ ಯಂತ್ರದ ಹೊಸ ಕಂಪೈಲರಿನಲ್ಲಿ ಅದನ್ನು ಕಟ್ಟಿ, ಕುಲಕರ್ಣಿಯವರು ಹಳೆಯದರಲ್ಲಿ ಕಟ್ಟಿ ಫ್ಲಾಪಿಯಲ್ಲಿ ಕೊಟ್ಟಿದ್ದ ತೂಕದ ಲೆಕ್ಕದ ಭಾಗಕ್ಕೆ ಜೋಡಿಸಿದೆ. ಒಂದೇ ಮನೆತನದ ಎರಡು ತಲೆಮಾರು, ಹೊಂದಿಕೊಳ್ಳದೆ ಎಲ್ಲಿಗೆ ಹೋದಾವು? ಆದರೆ ಹಳೆಯ ಕಂಪೈಲರು ಅಂಕಿಗಳ ಡಬ್ಬಿಗಳನ್ನು ಒತ್ತೊತ್ತಾಗಿ ಇಡುವ ಅತ್ತೆ. ಹೊಸದು ನಡುನಡುವೆ ಜಾಗ ಬಿಡುವ ಸೊಸೆ. ಅತ್ತೆ ಉಪ್ಪು ಇಟ್ಟಲ್ಲಿ ಸೊಸೆಯ ಕೈಗೆ ಅರಿಸಿನ. ಈ ಗೃಹಕಲಹದ ಸುಳಿವನ್ನು ಯಾವ ಯಂತ್ರವೂ ನನಗೆ ಕೊಡಲಿಲ್ಲ.

ಮರುದಿನ ಕಾರ್ಖಾನೆಯ ದೇಸಾಯಿಯವರು ಬಂದರು, ಸೊಲ್ಲಾಪುರದ ಕಡೆಯ ಕನ್ನಡಿಗರು. ಮಾದರಿಗೆಂದು ಒಂದು ಎತ್ತಿನ ಗಾಡಿಯ ಚೀಟಿ ತೆಗೆದೆ. ತೂಕದ ಜಾಗದಲ್ಲಿ ಗಾಡಿಯ ನಂಬರು ಬಂದು ಕೂತಿತ್ತು.

"ನಾಲ್ಕ ಸಾವಿರ ಟನ್ನ?" ದೇಸಾಯಿಯವರು ಕನ್ನಡಕ ಏರಿಸಿದರು. "ಆ ಎತ್ತಿಗೆ ಏನ್ ತಿನಸ್ತೀರ್ರೀ?"

ಕುಲಕರ್ಣಿಯವರು ನನ್ನತ್ತ ತಿರುಗಿದರು. "ಯಾವುದ್ರಾಗ ಕಟ್ಟಿದಿ?"

"ಹೊಸದ್ರಾಗ್ರಿ. ಹಳೇದನ್ನ ನೀವ ಪೂಜಾಕ್ಕ ಇಟ್ಟಿದ್ರಲ್ರಿ."

ಅವರು ಒಂದು ಕ್ಷಣ ಮಾಲೆ ಹೊತ್ತ ದೇವರನ್ನೂ ಒಂದು ಕ್ಷಣ ದೇಸಾಯಿಯವರನ್ನೂ ನೋಡಿದರು. ಆಮೇಲೆ ಅಕ್ಷತೆ ಹಾಕಿ, ಮಾನಿಟರನ್ನು ಎರಡು ಬೆರಳಿನಷ್ಟು ಉತ್ತರಕ್ಕೆ ಸರಿಸಿ, ಸಂಜೆ ದೇವರನ್ನು ಬೀಳ್ಕೊಡಲು ಮಾಡಬೇಕಿದ್ದ ಉತ್ತರಪೂಜೆಯನ್ನು ಬೆಳಿಗ್ಗೆ ಹತ್ತೂವರೆಗೇ ಮುಗಿಸಿದರು. ಮಾಲೆ ತೆಗೆದು ನನ್ನ ಕೈಗಿತ್ತರು. ನನ್ನ ಭಾಗವನ್ನೂ ಹಳೆಯದರಲ್ಲೇ ಕಟ್ಟಿದ್ದಾಯಿತು. ಚಹಾ ಆರುವುದರೊಳಗೆ ಹೊಸ ಚೀಟಿ ಬಂತು. ಒಂದೂವರೆ ಟನ್ನು.

"ಹಾಂ, ಎತ್ತು ಉಳದ್ವು," ಎಂದರು ದೇಸಾಯಿಯವರು. ಅವುಗಳ ಜೊತೆ ನಾನೂ ಉಳಿದೆ. ಆ ಪ್ರೋಗ್ರಾಮನ್ನು ಸಿ.ಡಿ.ಗೆ ಹಾಕಿ, ಕುಂಕುಮ ಹಚ್ಚಿ ಕೊಟ್ಟವರು ಕುಲಕರ್ಣಿಯವರೇ.

ಅವರ ಪೂಜೆಯನ್ನು ವರ್ಷಗಟ್ಟಲೆ ಗೆಳೆಯರೆದುರು ಆಡಿಕೊಂಡು ನಕ್ಕಿದ್ದೇನೆ. ಇವತ್ತು ಸಿ.ಡಿ.ಯನ್ನು ಒರೆಸಲು ಹೋಗಿ ಕೈ ತಡೆಯಿತು. ಕುಂಕುಮದ ಬಟ್ಟಲು ತಂದು ನನ್ನ ಲ್ಯಾಪ್‌ಟಾಪಿಗೆ ಹಚ್ಚಿದೆ. ಪಕ್ಕದಲ್ಲೇ ಮಗಳು ಮೊನ್ನೆ ಕೊಂಡ ಹೊಸದಿತ್ತು. ದುಡಿದು ತೋರಿಸಲೆಂದು ಕಾಯದೆ ಅದಕ್ಕೂ ಹಚ್ಚಿ, ಎರಡನ್ನೂ ಮುಚ್ಚಿಟ್ಟೆ.