ಭಾವನ ಪಟ್ಟಿಯಲ್ಲಿ ಕಾಯಿಲೆ ಹಸುವಿಗೆ ಜಾಗವಿಲ್ಲ

ನಮ್ಮ ಭಾವ ಹತ್ತೊಂಬತ್ತು ವರ್ಷದಿಂದ ಹಸುಗಳ ಕೆಚ್ಚಲು ಬಾವಿನ ಸಂಶೋಧನೆ ಮಾಡುತ್ತಿದ್ದಾರೆ. ಅಷ್ಟು ವರ್ಷದಲ್ಲಿ ಅವರು ಒಂದು ಕೆಚ್ಚಲನ್ನು ಮುಟ್ಟಿದ್ದನ್ನು ನಾನಂತೂ ಕಂಡಿಲ್ಲ. ಕೊಟ್ಟಿಗೆಗೆ ಬಂದರೆ ಪ್ಯಾಂಟು ಎತ್ತಿ ಹಿಡಿದು ಬಾಗಿಲಲ್ಲೇ ನಿಂತು, "ಶುಚಿತ್ವ ಮುಖ್ಯ" ಅನ್ನುತ್ತಾರೆ. ಯಾರಿಗೆ ಹೇಳುತ್ತಾರೋ, ಹಸುವಿಗೇ ಇರಬೇಕು. ನಾನು ದನದ ಆಸ್ಪತ್ರೆಯ ಕಾಂಪೌಂಡರ್, ಸಗಣಿ ತುಳಿದೇ ಅನ್ನ ಕಂಡವನು. ಆದ್ದರಿಂದ ನನಗೆ ಬುದ್ಧಿ ಕಮ್ಮಿ ಎಂದು ಅವರ ದೃಢವಾದ ನಂಬಿಕೆ.

ಹಾಲು ಕರೆದ ಮೇಲೆ ಮೊಲೆತೊಟ್ಟು ಅದ್ದುವ ಔಷಧಿಯೊಂದನ್ನು ಅವರು ನಲವತ್ತು ಹಸುಗಳ ಮೇಲೆ ಪ್ರಯೋಗಿಸುತ್ತಿದ್ದರು. ಯಾವ ಹಸುವಿಗೆ ಬಾವು ಬಂತೋ ಅದರ ಮುಂದೆ "ಮನೆಯವರು ನಿಯಮ ಪಾಲಿಸಿಲ್ಲ" ಎಂದು ಬರೆದು ಪಟ್ಟಿಯಿಂದ ತೆಗೆಯುವುದು. ಉಳಿದವೆಲ್ಲ ಗಟ್ಟಿಮುಟ್ಟು, ಔಷಧಿ ನೂರಕ್ಕೆ ನೂರು! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮೇಲಧಿಕಾರಿಗಳು ಸಭೆಯಲ್ಲಿ ಚಪ್ಪಾಳೆ ತಟ್ಟಿದರು.

ಅಕ್ಕ ಮನೆ ಹಿಂದೆ ಮೂರು ಹಸು ಸಾಕಿದ್ದಾಳೆ. ಅದರಲ್ಲಿ ಕಪ್ಪಿ ಚೆನ್ನಾಗಿ ಹಾಲು ಕೊಡುವುದು. ಅದೂ ಭಾವನ ಪಟ್ಟಿಯಲ್ಲಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಅದರ ಒಂದು ತೊಟ್ಟಿನಿಂದ ಹಾಲು ಗಡ್ಡೆಗಡ್ಡೆಯಾಗಿ ಬಂತು. ಅಕ್ಕ ಫೋನ್ ಮಾಡಿದಳು, ನಾನು ಓಡಿದೆ. ಕೆಚ್ಚಲು ಸುಡುತ್ತಿತ್ತು. ತೊಟ್ಟಿನೊಳಗೆ ಮದ್ದಿನ ಟ್ಯೂಬು ಹಾಕಲು ಹೊರಟೆ.

"ಹಾಕ್ಬೇಡ," ಎಂದರು ಭಾವ, ಬಾಗಿಲಿಂದಲೇ. "ಸೋಮವಾರ ಹಾಲಿನ ಮಾದರಿ ತಗೋತಾರೆ. ಈಗ ಮದ್ದು ಹಾಕಿದ್ರೆ ಪ್ರಯೋಗ ಕೆಟ್ಟೋಗುತ್ತೆ."

"ಅಷ್ಟರಲ್ಲಿ ಕೆಚ್ಚಲೇ ಕೆಟ್ಟೋಗುತ್ತೆ, ಭಾವ."

"ಸಂಶೋಧನೆ ಮಾಡ್ತಿರೋದು ನೀನೋ, ನಾನೋ?"

ಅಕ್ಕ ನನ್ನ ಮುಖ ನೋಡಿದಳು. ನಾನು ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಸೋಮವಾರದ ಹೊತ್ತಿಗೆ ಬರುತ್ತಿದ್ದದ್ದು ಹಾಲಲ್ಲ, ಕೀವು. ಮಾದರಿ ತೆಗೆದಾದ ಮೇಲೆ ಭಾವ ಅಪ್ಪಣೆ ಕೊಟ್ಟರು, ನಾನು ಮದ್ದು ಹಾಕಿದೆ. ಕೆಚ್ಚಲಿನ ಆ ಭಾಗ ಕಲ್ಲಾಗಿ ಬತ್ತಿಹೋಯಿತು. ಮಾದರಿಯಲ್ಲಿ ರೋಗ ಚೆನ್ನಾಗಿಯೇ ಸಿಕ್ಕಿತು. ಆದ್ದರಿಂದ ಮಹಾಶಯರು ಒಂದು ಕಾಗದ ತಂದು ಹೆಂಡತಿಯ ಮುಂದಿಟ್ಟರು: ಮನೆಯವರು ನಿಯಮ ಪಾಲಿಸಿಲ್ಲ, ಹಸುವನ್ನು ಕೈಬಿಡಲಾಗಿದೆ.

ಏಳು ತಿಂಗಳು, ದಿನಕ್ಕೆರಡು ಸಲ, ಒಂದು ಹೊತ್ತೂ ತಪ್ಪದೆ ಔಷಧಿ ಅದ್ದಿದವಳು ಅಕ್ಕ. ಈಗ ಹರಿದು ಮುಖಕ್ಕೆ ಎಸೆಯುತ್ತಾಳೆ ಎಂದು ನಾನು ಕಾದೆ. ಅವಳು ಸುಮ್ಮನೆ ರುಜು ಹಾಕಿದಳು. ಭಾವ ಕಾಗದ ಮಡಚಿಕೊಂಡು ಒಳಗೆ ಹೋದರು.

"ಇಂಥವರಿಗೆ ಯಾಕೆ ರುಜು ಹಾಕಿದೆ?" ಎಂದು ಸಿಡುಕಿದೆ.

"ಅವರು ಇಂಥವರು ಅಂತ ಮದುವೆಯಾದ ವರ್ಷವೇ ಗೊತ್ತಾಯ್ತು," ಎಂದಳು, ಕಪ್ಪಿಗೆ ಹುಲ್ಲು ಹಾಕುತ್ತಾ. "ನಾನು ಕರೆಸಿದ್ದು ನಿನ್ನನ್ನ. ಕೆಚ್ಚಲು ಕೆಟ್ಟೋಗುತ್ತೆ ಅಂತ ನಿಂಗೆ ಗೊತ್ತಿತ್ತಲ್ಲೋ."